ಸೀಸೆಯಲ್ಲಿ ಬೆಳೆವ ಸೀತಾಳೆ

ಮಲೆನಾಡಿನ ಮರಗಳ ಮೇಲೆ ಜೋಲುವ ಸೀತಾಳೆಯ ದಂಡೆಯನ್ನು ವಾಚಕರು ಕಂಡಿರಬಹುದು. ಇದು ಆರ್ಕಿಡ್ ಕುಟುಂಬದ ಸಸ್ಯ. ಈ ಕುಟುಂಬದ ಬೀಜ ಧೂಳಿನಷ್ಟು ಸೂಕ್ಷ್ಮ. ಭತ್ತದ ಕಾಳಿನಲ್ಲಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರವು ಅದಕ್ಕೆ ಆಹಾರವನ್ನೊದಗಿಸುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿಯು, ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಅಗರಿನ ಮೇಲೆ, ಶಿಲೀಂಧ್ರದ ನೆರವಿಲ್ಲದೆಯೇ ಈ ಬೀಜಗಳು ಮೊಳೆಯುವುದನ್ನು ತೋರಿಸಿದನು.

ಆದುದರಿಂದ 'ಪ್ರಯೋಗಶಾಲೆಯ ಗಿಡ', 'ಬೀಜದ ಗಿಡ' ಎಂಬ ವಿಭಾಗ ಇಲ್ಲಿ ಸಲ್ಲದು. ತೋಟಗಾರರು ಬೀಜದಿಂದ ಪಡೆಯುವ ಆರ್ಕಿಡ್ ಕೂಡ ಸಾಮಾನ್ಯವಾಗಿ ಸೀಸೆಯಲ್ಲಿಯೇ ಮೊಳೆತದ್ದು. ಕೇಳಬೇಕಾದ ಪ್ರಶ್ನೆ ಬೇರೆ: ಸೀಸೆಯೊಳಗೆ ಇಟ್ಟದ್ದು ಬೀಜವನ್ನೋ, ಚಿಗುರಿನ ತುದಿಯನ್ನೋ?

ಬೀಜದಲ್ಲಿ ತಂದೆತಾಯಿಗಳ ಗುಣಗಳು ಹೊಸದಾಗಿ ಬೆರೆಯುತ್ತವೆ. ಒಂದೇ ಕಾಯಿಯ ಸಸಿಗಳಲ್ಲಿ ಒಂದರ ಹೂವು ದೊಡ್ಡದು, ಇನ್ನೊಂದರ ಬಣ್ಣ ಮಾಸಲು. ಹಲವು ವರ್ಷ ಕಾದು ಹೂ ಬಿಟ್ಟ ಮೇಲೆಯೇ ಅದು ತಿಳಿಯುವುದು. ಚಿಗುರಿನ ಕಥೆ ಹಾಗಲ್ಲ. ಸಿಂಬಿಡಿಯಮ್ ಎಂಬ ಆರ್ಕಿಡನ್ನು ವೈರಸ್ ರೋಗದಿಂದ ಬಿಡಿಸಲೆಂದು ಫ್ರಾನ್ಸಿನ ಜಾರ್ಜ್ ಮೊರೆಲ್ ಚಿಗುರಿನ ಅತಿ ಸಣ್ಣ ತುದಿಯನ್ನು ಪೋಷಕದ್ರವ್ಯದಲ್ಲಿ ಬೆಳೆಸಿ, 1960ರಲ್ಲಿ ಆ ವಿಧಾನವನ್ನು ಪ್ರಕಟಿಸಿದನು. ತುದಿ ಬೆಳೆದು ಪುಟ್ಟ ಗಂಟಾಗುತ್ತದೆ. ತುಂಡರಿಸಿದರೆ ತುಂಡುಗಳಿಂದ ಮತ್ತೆ ಗಂಟುಗಳು! ರೋಗಕ್ಕೆ ಹುಡುಕಿದ ಮದ್ದು ಹೂವಿನ ವ್ಯಾಪಾರವನ್ನೇ ಬದಲಿಸಿತು. ಇಲ್ಲಿ ಬೆರಕೆಯಿಲ್ಲವಾಗಿ ಮಕ್ಕಳೆಲ್ಲವೂ ತಾಯಿಯ ಪಡಿಯಚ್ಚು. ಪದೇಪದೇ ತುಂಡರಿಸಿದಾಗ ರೂಪಗೆಟ್ಟ ಗಿಡ ಹುಟ್ಟುವುದೂ ಉಂಟೆನ್ನಿ.

ಆದರೆ ತಾಯಿ ಯಾವ ರೋಗಕ್ಕೆ ಸೋಲುವುದೋ ಅದಕ್ಕೆ ಅದರ ಸಾವಿರ ಮಕ್ಕಳೂ ಸೋಲುವ ಭಯವಿದೆ. ಮನೆಯ ಕುಂಡಕ್ಕೆ ಇಂಥದೇ ಬಣ್ಣ ಬೇಕೆನ್ನುವವರು ಚಿಗುರಿನ ಗಿಡವನ್ನು ಕೊಳ್ಳಲಿ. ಕಾಡಿನಲ್ಲಿ ಸೀತಾಳೆಯನ್ನು ಮರಳಿ ನೆಡುವುದಾದರೆ, ನಾನು ಹಲವು ತಾಯಿಗಿಡಗಳ ಬೀಜದ ಸಸಿಗಳನ್ನೇ ಆರಿಸುವೆನು.