ಎರೆಮಣ್ಣಿನ ಮೇಲೆ ನಿಂತ ಡಾಲ್ಫಿನ್

ಡಾಲ್ಫಿನ್ ಕಾರಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ಕುಟ್ಟಿದರೆ ತಗಡಿನ ಸದ್ದು ಬರುವುದಿಲ್ಲ. ಮಂದವಾಗಿ, ಡಬ್ ಎಂದು ಕೇಳುತ್ತದೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಈ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಾಗ ಕೊಳ್ಳುವವರಿಗೆ ನಂಬಿಕೆ ಹುಟ್ಟದೇ ಹೋದದ್ದು ಈ ಮೈಯ ಮೇಲೆಯೇ. ಪ್ಲಾಸ್ಟಿಕ್ಕಿನ ಕಾರು ಎಷ್ಟು ದಿನ ಬಾಳೀತು ಎಂಬ ಅನುಮಾನ ಅದರ ಬೆನ್ನು ಬಿಡಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜನ ಅತ್ತ ತಿರುಗಿದರು. ಇಷ್ಟು ವರ್ಷ ಕಳೆದ ಮೇಲೆ ಒಂದು ಡಾಲ್ಫಿನ್‌ನ ನಟ್ಟು ಬೋಲ್ಟೆಲ್ಲ ಬಿಚ್ಚಿ ನೋಡಿದವನಾಗಿ ಹೇಳುತ್ತೇನೆ: ಆ ಕಾರಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿದ್ದದ್ದು ಯಾರೂ ನಂಬದ ಆ ಮೈಯೇ. ತುಕ್ಕು ತಿಂದದ್ದು ಎಲ್ಲರೂ ನಂಬಿದ ಉಕ್ಕನ್ನು.

ಸಿಪಾನಿಯವರು 1974ರಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿ ಶುರುಮಾಡಿದವರು. ಮೊದಲು ತಂದದ್ದು ಬಾದಲ್ ಎಂಬ ಮೂರು ಗಾಲಿಯ ಬಂಡಿ. ಡಾಲ್ಫಿನ್‌ನ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಅಲ್ಲಿ 1975ರಿಂದ 1982ರವರೆಗೆ ತಯಾರಾದದ್ದು, ಪರವಾನಗಿಯ ಮೇಲೆ ಇಲ್ಲಿಗೆ ಬಂತು. ಅಡಿಯಲ್ಲಿ ಉಕ್ಕಿನ ಛಾಸಿ, ಮೇಲೆ ಗಾಜಿನ ನಾರಿನ ಮೈ, ಮುಂದೆ 848 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನು. ಆ ಎಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ. ಸುಮಾರು 40 ಅಶ್ವಶಕ್ತಿ, ಅಷ್ಟೇ. ಆದರೆ ಕಿಟನ್‌ನ ತೂಕ 520 ಕಿಲೋ ಆಸುಪಾಸು. ಆ ಕಾಲದ ಪ್ರೀಮಿಯರ್ ಪದ್ಮಿನಿಯ 1,089 ಸಿಸಿ ಎಂಜಿನ್ನು ಕೊಡುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ ಬಲ. ಅದು ಎಳೆಯಬೇಕಿದ್ದದ್ದು ಮಾತ್ರ 900 ಕಿಲೋ ಸಮೀಪದ ಭಾರ. ಒಂದೊಂದು ಅಶ್ವಶಕ್ತಿಯ ಹೆಗಲಿಗೆ ಒಂದರಲ್ಲಿ 13 ಕಿಲೋ, ಇನ್ನೊಂದರಲ್ಲಿ 22 ಕಿಲೋ. ಚೆನ್ನೈ ಬಳಿಯ ಶೋಲಾವರಂ ರೇಸುಗಳಲ್ಲಿ, ರ‍್ಯಾಲಿಗಳಲ್ಲಿ ಡಾಲ್ಫಿನ್ ಹೆಸರು ಮಾಡಿದ್ದರ ಗುಟ್ಟು ಇದೇ ಭಾಗಾಕಾರ. ಸಂಸಾರದ ಕಾರೆಂದು ಮಾರಿದರೂ ಕನ್ನಡ ನಾಡು ಕಟ್ಟಿದ ಸ್ಪೋರ್ಟ್ಸ್ ಕಾರು ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ನಾವು ಬಿಚ್ಚಿದ ಕಾರು ರೋಣ ತಾಲ್ಲೂಕಿನ ಬೆಳವಣಕಿಯಲ್ಲಿ, ಗೆಳೆಯನ ಹೊಲದ ತಗಡಿನ ಶೆಡ್ಡಿನಲ್ಲಿ, ಹತ್ತಿಕಟಿಗಿ ಮತ್ತು ಕಡ್ಲಿ ಹೊಟ್ಟಿನ ನಡುವೆ ನಿಂತಿತ್ತು. ಗೆಳೆಯ ಟ್ರ್ಯಾಕ್ಟರ್ ರಿಪೇರಿ ಮಾಡುವವ. ನನಗೆ ಪುಸ್ತಕದ ರಸಾಯನಶಾಸ್ತ್ರ ಗೊತ್ತು, ಅವನಿಗೆ ಕೈಯ ರಸಾಯನಶಾಸ್ತ್ರ ಗೊತ್ತು. ಓಡುವ ಎಂಜಿನ್ನನ್ನು ಕೆಡಿಸುವುದು ತಿಕ್ಕಾಟ. ನಿಂತ ಕಾರಿನಲ್ಲಿ ತಿಕ್ಕಾಟವಿಲ್ಲ, ಅಲ್ಲಿ ನಡೆಯುವುದೆಲ್ಲ ನೀರು, ಗಾಳಿ, ಉಪ್ಪು, ಲೋಹಗಳ ವ್ಯವಹಾರ. ಅದು ಹಗಲೂ ರಾತ್ರಿ ನಡೆಯುತ್ತದೆ.

ಮೊದಲು ನೆಲದ ಮಾತು. ಬೆಳವಣಕಿಯ ಸುತ್ತಲಿನದು ಎರೆಭೂಮಿ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರುಗಳ ನಡುವೆ ನೀರು ಹೊಕ್ಕು ಕೂರುತ್ತದೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಆಗಿನ ಮಳೆಯನ್ನು ನಂಬಿ ಅಲ್ಲ, ಮಣ್ಣು ಮೊದಲೇ ಹಿಡಿದಿಟ್ಟುಕೊಂಡ ಹಸಿಯನ್ನು ನಂಬಿ. ರೈತನಿಗೆ ವರವಾದ ಅದೇ ಹಸಿ, ನೆಲಗಾರೆ ಇಲ್ಲದ ಶೆಡ್ಡಿನಲ್ಲಿ, ಮೇಲೇಳುತ್ತ ಕಾರಿನ ಹೊಟ್ಟೆಯಡಿಯ ತಣ್ಣನೆಯ ಉಕ್ಕಿನ ಮೇಲೆ ಹನಿಗಟ್ಟುತ್ತದೆ. ಮಳೆಯೇ ಬೀಳದ ತಿಂಗಳಲ್ಲೂ ಛಾಸಿ ಒದ್ದೆ. ಛಾಸಿಯ ಪೆಟ್ಟಿಗೆಯಾಕಾರದ ಕಂಬಿಗಳ ಒಳಮೈಗೆ ಬಣ್ಣವೂ ಇರುವುದಿಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಎರಡು ತಗಡು ಕೂಡುವ ಬೆಸುಗೆಯಲ್ಲಿ ಅದು ಬೆಳೆದರೆ ಬೆಸುಗೆಯೇ ಬಾಯಿ ಬಿಡುತ್ತದೆ. ನಮ್ಮ ಕಾರಿನ ಹಿಂಬದಿಯ ಪಾಟಾ ಸ್ಪ್ರಿಂಗ್ ಕೂರುವಲ್ಲಿ ಹಾಗೇ ಆಗಿತ್ತು. ಅಷ್ಟು ಭಾಗ ಕತ್ತರಿಸಿ ಹೊಸ ಉಕ್ಕು ಬೆಸೆದದ್ದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಕಳಚಿ ತೆಗೆಯಬಹುದಾದ ಸಣ್ಣ ಭಾಗಗಳಿಗೆ ಮಾತ್ರ ಸೊಗಸಾದ ಉಪಾಯವೊಂದಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ಒಂದಿಷ್ಟು ಬಟ್ಟೆ ಸೋಡಾ. ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ತುಕ್ಕು ಹಿಡಿದ ಭಾಗಕ್ಕೆ, ಧನ ತುದಿಯನ್ನು ಕೆಲಸಕ್ಕೆ ಬಾರದ ಕಬ್ಬಿಣದ ಸರಳಿಗೆ ಕಚ್ಚಿಸಿ ಎರಡೂ ತಾಗದಂತೆ ಮುಳುಗಿಸುವುದು. ಭಾಗದ ಮೈಯಿಂದ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ತುಕ್ಕಿನ ಒಂದು ಪಾಲು ಎಲೆಕ್ಟ್ರಾನು ಪಡೆದು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಉಳಿದ ಹಕ್ಕಳೆ ಸಡಿಲಾಗಿ ಉದುರುತ್ತದೆ. ಬ್ರಷ್ ಆಡಿಸಿದರೆ ಒಳ್ಳೆಯ ಲೋಹ ಕಾಣುತ್ತದೆ. ಆಸಿಡ್ ಹಾಕಿದಾಗ ಆಗುವಂತೆ ಒಳ್ಳೆಯ ಉಕ್ಕು ಕರಗುವುದಿಲ್ಲ. ಎರಡು ಎಚ್ಚರ ಬೇಕು. ಹೈಡ್ರೋಜನ್ ಹತ್ತಿಕೊಳ್ಳುವ ಅನಿಲ, ಆದ್ದರಿಂದ ಬಯಲಲ್ಲೇ ಮಾಡಬೇಕು. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯನ್ನೋ ಸೌಟನ್ನೋ ಕಟ್ಟಬಾರದು. ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ.

ಎಂಜಿನ್ನಿನ ಹೆಡ್ಡು ಕೀಳುವುದು ಇಡೀ ಕೆಲಸದ ಕಷ್ಟದ ಘಟ್ಟ. ರೇಡಿಯೇಟರಿಗೆ ಯಾರೋ ಬೋರ್‌ವೆಲ್ ನೀರು ಹಾಕಿದ್ದರು. ನಮ್ಮ ಕಡೆಯ ಅಂತರ್ಜಲ ಗಡಸು, ಲವಣ ಹೆಚ್ಚು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ತಾಗಿ ನಿಂತರೆ ಅದು ಬ್ಯಾಟರಿಯ ಒಂದು ಕೋಶ. ಅಲ್ಯೂಮಿನಿಯಂ ಹೆಡ್ಡಿನೊಳಗೆ ಉಕ್ಕಿನ ಸ್ಟಡ್ಡುಗಳು ಹಾದುಹೋಗಿರುತ್ತವೆ. ಈ ಜೋಡಿಯಲ್ಲಿ ಸವೆಯುವ ಸರದಿ ಅಲ್ಯೂಮಿನಿಯಂನದು. ಸವೆದು ಬಂದ ಬಿಳಿ ಪುಡಿ ಮೂಲ ಲೋಹಕ್ಕಿಂತ ಉಬ್ಬಿ, ಸ್ಟಡ್ಡಿಗೂ ತೂತಿಗೂ ನಡುವಿನ ಸಂದನ್ನೆಲ್ಲ ತುಂಬಿ ಸಿಮೆಂಟಿನಂತೆ ಕೂತುಬಿಟ್ಟಿತ್ತು. ನಟ್ಟು ಬಿಚ್ಚಿದರೂ ಹೆಡ್ಡು ಅಲುಗಾಡಲಿಲ್ಲ. ನಾನು ಸುತ್ತಿಗೆಯ ಕಡೆ ನೋಡಿದಾಗ ಗೆಳೆಯ ಹೇಳಿದ, "ಬಡೀಬ್ಯಾಡ ದೋಸ್ತ, ಕಾಸೋಣು."

ಊರ ಕಂಬಾರ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ತೊಡಿಸುವುದೂ ಇದೇ ಲೆಕ್ಕದ ಮೇಲೆ: ಕಾಸಿದಾಗ ಹಳಿ ಹಿಗ್ಗುತ್ತದೆ, ಗಾಲಿಯ ಮೇಲೆ ಕೂರುತ್ತದೆ, ನೀರು ಸುರಿದಾಗ ಕುಗ್ಗಿ ಕಟ್ಟಿಗೆಯನ್ನು ಬಿಗಿಯುತ್ತದೆ. ಇಲ್ಲಿ ಬೇಕಾದದ್ದು ಬಿಗಿಯಲ್ಲ, ಸಡಿಲ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗಿದರೆ ಉಕ್ಕು 12 ಪಾಲು ಮಾತ್ರ. 10 ಮಿ.ಮೀ. ತೂತು 100 ಡಿಗ್ರಿ ಏರಿದರೆ 0.023 ಮಿ.ಮೀ. ದೊಡ್ಡದಾಗುತ್ತದೆ, ಅದರೊಳಗಿನ ಸ್ಟಡ್ಡು ದಪ್ಪವಾಗುವುದು 0.012 ಮಿ.ಮೀ. ಉಳಿಯುವ ವ್ಯತ್ಯಾಸ ಕೂದಲಿಗಿಂತಲೂ ತೆಳು, ಆದರೆ ಆ ಪುಡಿ ಬಿರುಕು ಬಿಡಲು, ಸೀಮೆಎಣ್ಣೆ ಬೆರೆಸಿದ ಆಯಿಲ್ ಒಳಗಿಳಿಯಲು ಅಷ್ಟು ಸಾಕು. ಕಾಸುವುದು, ಎಣ್ಣೆ ಬಿಡುವುದು, ತಣಿಸುವುದು, ಮತ್ತೆ ಕಾಸುವುದು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗೆ ಬಣ್ಣ ತೋರಿಸದೆ 660 ಡಿಗ್ರಿಗೆ ಕರಗಿಬಿಡುತ್ತದೆ. ಅದಕ್ಕೇ ಗೆಳೆಯ ಗ್ಯಾಸಿನ ಉರಿಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ, ಆಗಾಗ ನೀರಿನ ಹನಿ ಚಿಮುಕಿಸಿ ಚುಂಯ್ ಅನ್ನುವ ಸದ್ದಿನಲ್ಲೇ ಶಾಖ ಅಳೆಯುತ್ತಿದ್ದ. ಕೊನೆಗೆ ಹೆಡ್ಡು ಸಣ್ಣ ಟಕ್ ಸದ್ದಿನೊಂದಿಗೆ ಮೇಲೆದ್ದಿತು.

ಹೆಡ್ಡು ಎತ್ತಿದ ಕೂಡಲೇ ಈ ಎಂಜಿನ್ನಿನಲ್ಲಿ ಇನ್ನೊಂದು ಜಾಗ್ರತೆ ಬೇಕು. ಇದರ ಸಿಲಿಂಡರುಗಳು ಬ್ಲಾಕಿನಲ್ಲೇ ಕೊರೆದವಲ್ಲ. ಕಬ್ಬಿಣದ ಲೈನರುಗಳು ಬೇರೆಯಾಗಿ ಕೂತಿರುತ್ತವೆ, ಅವುಗಳ ಹೊರಮೈಗೆ ತಣಿಸುವ ನೀರು ನೇರವಾಗಿ ತಾಗುತ್ತದೆ. ಅವನ್ನು ಮೇಲಿನಿಂದ ಒತ್ತಿ ಹಿಡಿದಿರುವುದು ಹೆಡ್ಡೇ. ಹೆಡ್ಡು ತೆಗೆದು ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ನಿನ ಜೊತೆ ಲೈನರೂ ಮೇಲೆದ್ದು ಬುಡದ ಸೀಲು ಹರಿಯುತ್ತದೆ, ಆಮೇಲೆ ನೀರು ಆಯಿಲ್ ಸಂಪಿಗೆ ಇಳಿಯುತ್ತದೆ. ಸ್ಟಡ್ಡುಗಳಿಗೆ ಪೈಪಿನ ತುಂಡು, ದಪ್ಪ ವಾಷರು ಹಾಕಿ ನಟ್ಟು ಬಿಗಿದು ಲೈನರುಗಳನ್ನು ಅದುಮಿ ಇಟ್ಟುಕೊಂಡೇ ಮುಂದಿನ ಕೆಲಸ.

ಇನ್ನು ಆ ಮೈ. ಗಾಜಿನ ನಾರಿನ ಚಾಪೆಯನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ್ದು ಅದು. ಎಳೆತವನ್ನು ತಡೆಯುವುದು ನಾರು. ನಾರುಗಳನ್ನು ತಮ್ಮ ತಮ್ಮ ಜಾಗದಲ್ಲಿ ಹಿಡಿಯುವುದು ರಾಳ. ಬಿಸಿಲಿನ ನೇರಳಾತೀತ ಕಿರಣ ಮೇಲ್ಪದರವನ್ನು ಸುಣ್ಣದಂತೆ ಪುಡಿಯಾಗಿಸಿತ್ತು, ಬಾನೆಟ್ಟಿನ ಮೂಲೆಯಲ್ಲಿ ಏಟು ಬಿದ್ದಲ್ಲಿ ನಕ್ಷತ್ರಾಕಾರದ ಬಿರುಕುಗಳಿದ್ದವು. ಇದನ್ನು ಪುಟ್ಟಿ ಹಚ್ಚಿ ಮುಚ್ಚಿದರೆ ಬಣ್ಣದಡಿಯಿಂದ ಮತ್ತೆ ತಲೆಯೆತ್ತುತ್ತದೆ. ಬಿರುಕಿನ ಸುತ್ತ ಅಗಲವಾಗಿ, ಇಳಿಜಾರಾಗಿ ಅರೆದು, ಹಿಂದಿನಿಂದ ಒಂದರ ಮೇಲೊಂದು ಚಾಪೆ ಹಾಸಿ, ರೋಲರ್ ಆಡಿಸಿ ಗಾಳಿಗುಳ್ಳೆ ಹೊರಹಾಕಬೇಕು. ರಾಳಕ್ಕೆ ನೂರಕ್ಕೆ ಒಂದೆರಡು ಪಾಲಿನಷ್ಟು ಹಾರ್ಡನರ್ ಬೆರೆಸಿದಾಗ ಅಣುಗಳು ಸರಪಳಿಯಂತೆ ಕೊಂಡಿ ಹಾಕಿಕೊಳ್ಳತೊಡಗುತ್ತವೆ, ಆ ಕೊಂಡಿಯಿಂದ ಶಾಖ ಹುಟ್ಟುತ್ತದೆ, ಶಾಖದಿಂದ ಕೊಂಡಿ ಇನ್ನೂ ಬೇಗ ಬೀಳುತ್ತದೆ. ಬೆಳವಣಕಿಯ ಬೇಸಿಗೆಯ ಮಧ್ಯಾಹ್ನದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಹಚ್ಚುವ ಮೊದಲೇ ಡಬ್ಬಿಯಲ್ಲಿ ಗಡ್ಡೆಯಾಗುತ್ತದೆ. ನಾವು ಬೆಳಗಿನ ತಂಪಿನಲ್ಲಿ ಮಾಡುತ್ತಿದ್ದೆವು. ಅರೆಯುವಾಗಿನ ಗಾಜಿನ ಧೂಳಿಗೆ ಮಾಸ್ಕು, ತುಂಬುತೋಳಿನ ಅಂಗಿ ಬೇಕೇ ಬೇಕು.

ಗಾಜಿನ ನಾರು ವಿದ್ಯುತ್ತನ್ನು ಒಯ್ಯುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಪಳಗಿದ ಕೈಗೆ ಇದು ಹೊಸ ಸಂಗತಿ. ಉಕ್ಕಿನ ಬಂಡಿಯಲ್ಲಿ ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ಮರಳುವುದು ಬಾಡಿಯ ಮೂಲಕವೇ. ಡಾಲ್ಫಿನ್‌ನಲ್ಲಿ ಪ್ರತಿ ದೀಪಕ್ಕೂ ಛಾಸಿಯವರೆಗೆ ಬೇರೆ ಅರ್ಥ್ ವೈರು ಎಳೆಯಬೇಕು. ಆ ವೈರು ಇಲಿ ಕಡಿದೋ ಛಾಸಿಯಲ್ಲಿ ತುಕ್ಕಾಗಿಯೋ ತಪ್ಪಿದರೆ ಕರೆಂಟು ಪಕ್ಕದ ಬಲ್ಬಿನ ತಂತುವಿನ ಮೂಲಕ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಬೆಳಗುತ್ತದೆ! ಮಾಟ ಮಾಡಿಸಿದಂತೆ ಕಾಣುವ ಇಂಥ ದೋಷಗಳಿಗೆ ಸ್ವಿಚ್ಚು ಫ್ಯೂಸು ತಡಕುವ ಮೊದಲು ಅರ್ಥ್ ನೋಡುವುದು ಒಳ್ಳೆಯದು. ಗೆಳೆಯ ಹಿಂದೆ ಮುಂದೆ ಒಂದೊಂದು ತಾಮ್ರದ ಪಟ್ಟಿ ಕೂರಿಸಿ, ಎಲ್ಲ ಅರ್ಥ್ ವೈರುಗಳನ್ನೂ ಅಲ್ಲಿಗೆ ತಂದು, ಅಲ್ಲಿಂದ ದಪ್ಪ ಕೇಬಲ್ಲಿನಲ್ಲಿ ಬ್ಯಾಟರಿಗೆ ಕಟ್ಟಿದ. ಕಾರ್ಖಾನೆಯವರೇ ಹೀಗೆ ಮಾಡಬೇಕಿತ್ತು.

ಬ್ರೇಕಿನ ಕತೆ ಚಿಕ್ಕದು: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ವ್ಹೀಲ್ ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ. ರಬ್ಬರೂ ಸಿಲಿಂಡರೂ ಎಲ್ಲ ಹೊಸದು. ಇಲ್ಲಿ ಉಳಿತಾಯದ ಮಾತು ಸಲ್ಲ.

ಎಂಜಿನ್ನು ಶುರುವಾದ ಮೇಲೆ ಬಂದ ಸಮಸ್ಯೆ 1982ರಲ್ಲಿ ಇರದಿದ್ದದ್ದು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು. ಬರೀ ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕವಿದೆ. ಬೆರಕೆಗೆ 13.5ರ ಸಮೀಪ. ಹೊಸ ಕಾರಿನ ಸೆನ್ಸರು ಇದನ್ನು ತಾನೇ ಅರಿತು ಇಂಧನ ಹೆಚ್ಚಿಸುತ್ತದೆ, ಕಾರ್ಬೊರೇಟರಿಗೆ ಆ ಅರಿವಿಲ್ಲ. ಹಳೆಯ ಅಳತೆಯಲ್ಲೇ ಬಿಟ್ಟರೆ ಗಾಳಿ ಹೆಚ್ಚಾಗಿ ಉರಿ ಬಿಸಿಯೇರುತ್ತದೆ, ಪ್ಲಗ್ಗಿನ ತುದಿ ಬೆಳ್ಳಗೆ ಸುಟ್ಟಂತಾಗುತ್ತದೆ. ಮಿಶ್ರಣ ತುಸು ದಪ್ಪ ಮಾಡಿ, ತಿಳಿ ಕಂದು ಬಣ್ಣ ಬರುವವರೆಗೆ ಪ್ಲಗ್ಗು ಬಿಚ್ಚಿ ನೋಡುತ್ತ ಹೋದೆವು. ಹಳೆಯ ರಬ್ಬರ್ ಪೈಪುಗಳನ್ನೂ ಎಥನಾಲ್ ತಾಳುವ ಜಾತಿಯವಕ್ಕೆ ಬದಲಾಯಿಸಿದೆವು. ಎಥನಾಲ್ ನೀರು ಹೀರುವುದರಿಂದ, ಬಹಳ ದಿನ ನಿಲ್ಲಿಸುವ ಕಾರಿನ ಟ್ಯಾಂಕು, ಕಾರ್ಬೊರೇಟರು ಖಾಲಿ ಮಾಡಿಯೇ ಇಡಬೇಕು.

ಕಾಗದಪತ್ರದ ಕೆಲಸ ಇನ್ನೂ ಇದೆ. 50 ವರ್ಷ ದಾಟಿದ ವಾಹನಗಳಿಗೆ ವಿಎ ಸರಣಿಯ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ಡಾಲ್ಫಿನ್‌ಗಳಲ್ಲಿ ಅತಿ ಹಳೆಯದಕ್ಕೂ 2032ಕ್ಕೆ ಮೊದಲು ಆ ಅರ್ಹತೆ ಇಲ್ಲ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ಗುಜರಿಯವರು ಇಂಥ ಕಾರು ಕೊಂಡರೆ ಉಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ತೂಕಕ್ಕೆ ಹಾಕಿ ಮೈಯನ್ನು ತಿಪ್ಪೆಗೆ ಎಸೆಯುತ್ತಾರೆ. ಸ್ಟಡ್ಡು, ಬುಷ್ಷುಗಳನ್ನು ಲೇತಿನ ಮೇಲೆ ತಿರುಗಿಸಿ ಮಾಡಿಸಬಹುದು. ಡಾಲ್ಫಿನ್‌ನ ಬಾನೆಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಗಾಜಿನ ನಾರಿಗೆ ತಗಡಿಗಿಲ್ಲದ ಒಂದು ಗುಣವಿದೆ. ನೆಟ್ಟಗಿರುವ ಒಂದು ಬಾನೆಟ್ಟಿಗೆ ಮೇಣ ತಿಕ್ಕಿ, ಅದರ ಮೇಲೆಯೇ ರಾಳ, ಚಾಪೆ ಹಾಸಿ ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಅಚ್ಚು ಸಿದ್ಧ. ಆ ಅಚ್ಚಿನಿಂದ ಎಷ್ಟೋ ಬಾನೆಟ್ಟು ಎರೆಯಬಹುದು. ಗೆಳೆಯ ಈಗ ಬಾನೆಟ್ಟಿನ ಅಚ್ಚು ತೆಗೆದಿದ್ದಾನೆ. ಬಾಗಿಲುಗಳದು ಈ ಸಲದ ಕಡಲೆ ರಾಶಿ ಮುಗಿದ ಮೇಲೆ. ಯಾರ ಹಿತ್ತಲಲ್ಲಾದರೂ ಮೂಗು ಮುರಿದ ಡಾಲ್ಫಿನ್ ನಿಂತಿದ್ದರೆ ಅದಕ್ಕೊಂದು ಹೊಸ ಮೂಗು ಬೆಳವಣಕಿಯಲ್ಲಿ ತಯಾರಾಗುತ್ತದೆ.