ಕ್ಯಾಮೆರಾ ಚೀಲದ ಭಾರ ಹೆಗಲಿಗೋ, ಸೊಂಟಕ್ಕೋ?

ಕಳೆದ ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತಾರರ ಯುವಕನೊಬ್ಬ ತಾಯಿಯೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸ. ಎಡಗೈ ಜೋಮು ಹಿಡಿದಿತ್ತು, ತೋಳನ್ನು ಹೆಗಲ ಮಟ್ಟಕ್ಕೆ ಎತ್ತಲಾಗುತ್ತಿರಲಿಲ್ಲ. "ಎಡಗೈ ಅಂದ್ರೆ ಹಾರ್ಟೇ ಅಲ್ವಾ ಡಾಕ್ಟ್ರೇ?" ಎಂದು ತಾಯಿಗೆ ಗಾಬರಿ. ಎದೆನೋವಿರಲಿಲ್ಲ, ಬೆವರಿರಲಿಲ್ಲ, ಇ.ಸಿ.ಜಿ. ಸರಿಯಾಗಿತ್ತು. ಕತ್ತಿನ ಎಕ್ಸ್-ರೇಯಲ್ಲೂ ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ.

ಅಂಗಿ ಬಿಚ್ಚಿಸಿ ನೋಡಿದಾಗ ಕೊರಳೆಲುಬಿನ ಮೇಲೆ ಎರಡೂ ಕಡೆ ಪಟ್ಟಿ ಒತ್ತಿದ ಗುರುತು ಇನ್ನೂ ಮಾಸಿರಲಿಲ್ಲ. ಶನಿವಾರ ರಾತ್ರಿ ಆರತಕ್ಷತೆಯೊಂದರಲ್ಲಿ ಕ್ಯಾಮೆರಾ ಚೀಲ ಹೊತ್ತುಕೊಂಡೇ ಫೋಟೊ ತೆಗೆದಿದ್ದನಂತೆ. ಭಾನುವಾರ ನಸುಕಿನಿಂದ ಹನ್ನೊಂದರವರೆಗೆ ಅದೇ ಚೀಲದೊಂದಿಗೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹಕ್ಕಿಗಳ ಹಿಂದೆ ಅಲೆದಿದ್ದ. ಹಕ್ಕಿ ಅವನ ಹವ್ಯಾಸ. ಮದುವೆ ಫೋಟೊ ಎರಡನೆಯ ದುಡಿಮೆ. ತಂಗಿಯ ಕಾಲೇಜು ಫೀಸು ಅದರಿಂದಲೇ ನಡೆಯುತ್ತಿತ್ತು.

ಕತ್ತಿನಿಂದ ತೋಳಿಗೆ ಹೋಗುವ ನರಗಳ ಕಂತೆಯೊಂದು ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಭಾರವಾದ ಚೀಲದ ಕಿರಿದಾದ ಪಟ್ಟಿ ಗಂಟೆಗಟ್ಟಲೆ ಇದೇ ಜಾಗವನ್ನು ಅದುಮಿದರೆ ನರ ಸೋಲುತ್ತದೆ. ಇದಕ್ಕೆ ರಕ್‌ಸ್ಯಾಕ್ ಪಾಲ್ಸಿ ಎಂದು ಹೆಸರು. ಚೀಲ ಹೊತ್ತು ದೂರ ನಡೆಯುವ ಸೈನಿಕರಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಬಲ್ಲರು. ನೋವು ಕಡಿಮೆ, ಬಲಹೀನತೆ ಹೆಚ್ಚು. ಕೆಲವರಲ್ಲಿ ಹೆಗಲ ಹಿಂಬದಿಯ ಮೂಳೆ ರೆಕ್ಕೆಯಂತೆ ಹೊರಚಾಚುವುದೂ ಉಂಟು. ಭಾರ ತೆಗೆದರೆ ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಗುಣವಾಗುತ್ತದೆ. ಈ ಯುವಕನಿಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಕೈತಪ್ಪಿದವು.

ನಾನು ಕೇಳಿದ್ದಕ್ಕೆ ಮರುಭೇಟಿಗೆ ಚೀಲವನ್ನೂ ತಂದ. ನಮ್ಮ ತಕ್ಕಡಿಯಲ್ಲಿ ಒಂಬತ್ತೂವರೆ ಕಿಲೋ ತೂಗಿತು! ಕ್ಯಾಮೆರಾ ಸುಮಾರು 900 ಗ್ರಾಂ, ಹಕ್ಕಿಗಳಿಗೆ ಬೇಕಾದ ಉದ್ದನೆಯ ಲೆನ್ಸ್ 2 ಕಿಲೋ, ಇನ್ನೊಂದು ಲೆನ್ಸ್ ಅರ್ಧ ಕಿಲೋ, ಟ್ರೈಪಾಡ್ 2 ಕಿಲೋ, ಎರಡು ಲೀಟರ್ ನೀರು, ಇವೆಲ್ಲವನ್ನೂ ಹಿಡಿದ ಖಾಲಿ ಚೀಲವೇ 2 ಕಿಲೋ. ಹುಡುಗನ ತೂಕ 58 ಕಿಲೋ. ಬೆಟ್ಟ ಹತ್ತಿ ರೂಢಿಯಿಲ್ಲದ ವಯಸ್ಕರು ದೇಹತೂಕದ ಶೇಕಡ 10ರಿಂದ 15ರಷ್ಟು ಹೊರುವುದು ಸುರಕ್ಷಿತ ಎನ್ನುವುದು ವಾಡಿಕೆಯ ಲೆಕ್ಕ. ಅಂದರೆ ಇವನಿಗೆ ಹೆಚ್ಚೆಂದರೆ ಎಂಟೂಮುಕ್ಕಾಲು ಕಿಲೋ. ಮಕ್ಕಳ ಶಾಲಾ ಚೀಲ ದೇಹತೂಕದ ಶೇಕಡ 10ನ್ನು ಮೀರಬಾರದೆಂದು ನಮ್ಮ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತು. ದೊಡ್ಡವರಿಗೆ ಆದೇಶ ಹೊರಡಿಸುವವರು ಯಾರು?

ಭಾನುವಾರದ ಬೆಳಗಿನಲ್ಲಿ ವೈಟ್‌ಫೀಲ್ಡ್ ಕಡೆಯವರು ಹೊಸಕೋಟೆ ಕೆರೆಗೆ, ಎಲೆಕ್ಟ್ರಾನಿಕ್ ಸಿಟಿಯವರು ಆನೇಕಲ್ಲಿನ ಮುತ್ಯಾಲಮಡುವಿಗೆ, ಪೀಣ್ಯದವರು ಹೆಸರಘಟ್ಟಕ್ಕೆ ಕ್ಯಾಮೆರಾ ಹೊತ್ತು ಹೊರಡುವುದು ಸಂತೋಷದ ವಿಷಯವೇ. ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಅಂಥವರು ಹಕ್ಕಿಗಳನ್ನು ಚಿತ್ರಿಸಿದ ನಾಡು ಇದು. ಆದರೆ ಐದು ದಿನ ಕಂಪ್ಯೂಟರಿನ ಮುಂದೆ ಕತ್ತು ಚಾಚಿ ಕುಳಿತ ಬೆನ್ನು ಆರನೆಯ ದಿನ ಏಕಾಏಕಿ ಹಮಾಲಿ ಮಾಡಲಾರದು. ಹಾಗಾಗಿ ಯಾವ ಚೀಲ ಕೊಳ್ಳುತ್ತೀರಿ ಎನ್ನುವುದು ಮುಖ್ಯವಾಗುತ್ತದೆ. ಅಂಗಡಿಯಲ್ಲಿ ನಾವು ಕೇಳುವುದೆಲ್ಲ ಕ್ಯಾಮೆರಾದ ಕ್ಷೇಮ: ಒಳಗೆ ಮೆತ್ತೆ ಇದೆಯೆ, ಮಳೆಗೆ ಹೊದಿಕೆ ಇದೆಯೆ, ಎಷ್ಟು ಲೆನ್ಸ್ ಹಿಡಿಸುತ್ತದೆ? ಹೊರುವವನ ಕ್ಷೇಮ ಕೇಳುವವರಿಲ್ಲ.

ಹಳ್ಳಿಯಲ್ಲಿ ನೀರು ತರುವ ಹೆಂಗಸರನ್ನು ನೆನಪಿಸಿಕೊಳ್ಳಿ. ತುಂಬಿದ ಕೊಡ ಸೊಂಟದ ಮೇಲೆ, ಮೈಗೆ ಅಂಟಿಕೊಂಡು ಕೂರುತ್ತದೆ. ಅದೇ ಕೊಡವನ್ನು ಕೈಚಾಚಿ ದೂರ ಹಿಡಿದು ನಾಲ್ಕು ಹೆಜ್ಜೆ ನಡೆಯಲಾದೀತೆ? ಒಳ್ಳೆಯ ಬೆನ್ನುಚೀಲದ ಗುಟ್ಟೂ ಇಷ್ಟೆ. ಭಾರದ ಹೆಚ್ಚಿನ ಪಾಲು ಸೊಂಟದ ಮೂಳೆಗೆ ಇಳಿಯಬೇಕು, ಭಾರ ಬೆನ್ನಿಗೆ ಹತ್ತಿರವಿರಬೇಕು. ಸೊಂಟದ ಮೂಳೆ ಕಾಲುಗಳ ಮೇಲೆ ನೇರ ನಿಂತ ಗಟ್ಟಿ ಮೂಳೆ. ಹೆಗಲು ಸ್ನಾಯುಗಳಿಂದ ತೂಗುಬಿಟ್ಟ ಅಂಗ. ಚೀಲ ಬೆನ್ನಿನಿಂದ ದೂರ ಜೋತಾಡಿದರೆ ದೇಹ ಸಮತೋಲಕ್ಕಾಗಿ ಮುಂದೆ ಬಾಗುತ್ತದೆ, ದಾರಿ ನೋಡಲು ತಲೆ ಮೇಲೆತ್ತುತ್ತದೆ. ಸಂಜೆಯ ಕತ್ತುನೋವಿಗೆ ಮೂಲ ಇದು.

ಆದ್ದರಿಂದ ಮೊದಲು ಸೊಂಟಪಟ್ಟಿ ನೋಡಿ. ಅನೇಕ ಕ್ಯಾಮೆರಾ ಚೀಲಗಳಲ್ಲಿ ಇರುವುದು ಒಂದಿಂಚಿನ ಲಾಡಿಯಷ್ಟೆ. ಅದು ಚೀಲ ಅಲುಗದಂತೆ ತಡೆದೀತು, ಭಾರ ಹೊರಲಾರದು. ಅಂಗೈ ಅಗಲದ, ಮೆತ್ತೆಯಿರುವ ಪಟ್ಟಿ ಬೇಕು. ಎರಡನೆಯದು ಬೆನ್ನಿನ ಅಳತೆ. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಸಿ. ಬಹುತೇಕರಿಗೆ ಇದು 40ರಿಂದ 50 ಸೆಂ.ಮೀ. ಇರುತ್ತದೆ. ಎತ್ತರದವರ ಬೆನ್ನೆಲ್ಲ ಉದ್ದವೆಂದಿಲ್ಲ, ಆದ್ದರಿಂದ ಅಳೆದೇ ಕೊಳ್ಳಬೇಕು. ಅಣ್ಣನ ಚೀಲವನ್ನು ತಂಗಿ ಹೊತ್ತರೆ ಸೊಂಟಪಟ್ಟಿ ತೊಡೆಗೆ ಇಳಿದು ಭಾರವೆಲ್ಲ ಮತ್ತೆ ಹೆಗಲಿಗೇ ಬೀಳುತ್ತದೆ.

ಕ್ಯಾಮೆರಾ ಚೀಲದಲ್ಲಿ ಇಂಥ ಪಟ್ಟಿ ಸಿಗದಿದ್ದರೆ ಚಾರಣಿಗರು ಬಳಸುವ ಚೀಲ ಕೊಂಡು, ಅದರೊಳಗೆ ಕ್ಯಾಮೆರಾ ಇಡುವ ಮೆತ್ತೆಯ ಪೆಟ್ಟಿಗೆಯನ್ನು ಬೇರೆಯಾಗಿ ಕೂರಿಸಬಹುದು. ನನ್ನ ಅಭಿಪ್ರಾಯದಲ್ಲಿ ದಿನವಿಡೀ ನಡೆಯುವವರಿಗೆ ಇದೇ ಮೇಲು. ಒಂದೇ ಹೆಗಲಿಗೆ ನೇತುಹಾಕುವ ಚೀಲ ಚಿಕ್ಕ ಕ್ಯಾಮೆರಾಗೆ, ಅರ್ಧ ಗಂಟೆಗೆ ಸರಿ. ಉದ್ದ ಲೆನ್ಸಿನ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ತಿರುಗುವುದಂತೂ ಬೇಡವೇ ಬೇಡ.

ಕೊಳ್ಳಲು ಹೋಗುವಾಗ ನಿಮ್ಮ ಸಾಮಾನನ್ನೆಲ್ಲ ಕೊಂಡೊಯ್ಯಿರಿ. ಖಾಲಿ ಚೀಲ ಎಲ್ಲರ ಬೆನ್ನಿಗೂ ಹಿತವಾಗಿಯೇ ಇರುತ್ತದೆ. ತುಂಬಿಸಿ, ಪಟ್ಟಿಗಳನ್ನೆಲ್ಲ ಸಡಿಲಿಸಿ ಹಾಕಿಕೊಳ್ಳಿ. ಸೊಂಟಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲೆ ಬರುವಂತೆ ಮೊದಲು ಬಿಗಿಯಿರಿ, ನಂತರ ಹೆಗಲಪಟ್ಟಿ, ಕಡೆಗೆ ಎದೆಯ ಪಟ್ಟಿ. ಕಾಲು ಗಂಟೆ ಅಂಗಡಿಯಲ್ಲೇ ಓಡಾಡಿ, ಮೆಟ್ಟಿಲು ಹತ್ತಿ, ಬಗ್ಗಿ ನೋಡಿ. ಹೆಗಲಪಟ್ಟಿಯಡಿ ಎರಡು ಬೆರಳು ಸುಲಭವಾಗಿ ತೂರಬೇಕು. ಅಂಗಡಿಯವರು ಗೊಣಗಿದರೆ ಬೇರೆ ಅಂಗಡಿ ಇದ್ದೇ ಇದೆ.

ತುಂಬುವಾಗ ಭಾರದ ಲೆನ್ಸ್ ಬೆನ್ನಿಗೆ ತಾಗುವ ಕಡೆ, ಚೀಲದ ನಡುಮಟ್ಟದಲ್ಲಿರಲಿ. ಟ್ರೈಪಾಡ್ ಒಂದು ಪಕ್ಕಕ್ಕಿದ್ದರೆ ನೀರಿನ ಬಾಟಲಿ ಇನ್ನೊಂದು ಪಕ್ಕಕ್ಕೆ. ತೂಕ ಇಳಿಸಬೇಕಾದರೆ ನೀರನ್ನು ಕಡಿಮೆ ಮಾಡಬೇಡಿ. ಇಬ್ಬರು ಗೆಳೆಯರಿಗೆ ಒಂದೇ ಟ್ರೈಪಾಡ್ ಸಾಕು. ಚೀಲವನ್ನು ನೆಲದಿಂದ ಜಗ್ಗಿ ಒಂದೇ ತೋಳಿಗೆ ಏರಿಸಬೇಡಿ. ಕಟ್ಟೆಯ ಮೇಲೋ ಬೈಕಿನ ಸೀಟಿನ ಮೇಲೋ ಇಟ್ಟು ತೋಳು ತೂರಿಸಿ.

ಬೈಕಿನ ಮಾತು ಬಂತು. ನಮ್ಮ ಹೊರವಲಯದ ರಸ್ತೆಗಳ ಹಳ್ಳ ಹೇಗಿರುತ್ತವೆಂದು ಬಲ್ಲಿರಿ. ಒಂದೊಂದು ಹಳ್ಳಕ್ಕೂ ಬೆನ್ನ ಮೇಲಿನ ಭಾರ ಕ್ಷಣಕಾಲ ಹೆಚ್ಚಾಗಿ ಬೆನ್ನುಮೂಳೆಯನ್ನು ಕುಟ್ಟುತ್ತದೆ. ಹಿಂದಿನ ಸೀಟು ಖಾಲಿಯಿದ್ದರೆ ಹೆಗಲಪಟ್ಟಿ ಸ್ವಲ್ಪ ಸಡಿಲಿಸಿ ಚೀಲದ ತಳ ಸೀಟಿನ ಮೇಲೆ ಕೂರುವಂತೆ ಮಾಡಿಕೊಳ್ಳಿ. ನನ್ನ ರೋಗಿ ಈಗ ಹೆಸರಘಟ್ಟಕ್ಕೆ ಹೀಗೆಯೇ ಹೋಗುತ್ತಾನೆ. ಚೀಲ ಏಳು ಕಿಲೋಗೆ ಇಳಿದಿದೆ. ಮದುವೆ ಮನೆಯಲ್ಲಿ ಅದನ್ನು ಗೋಡೆ ಬದಿಗಿಟ್ಟು ತಂಗಿಯನ್ನು ಕಾವಲಿಗೆ ಕೂರಿಸುತ್ತಾನಂತೆ.

ಹೊತ್ತು ತಿರುಗಿದ ಮಾರನೆಯ ದಿನ ಮೈಕೈ ನೋವು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಬೆರಳುಗಳ ಜೋಮು ಬಿಡದಿದ್ದರೆ, ತೋಳು ಎತ್ತಲಾಗದಿದ್ದರೆ, ನೋವು ಸೊಂಟದಿಂದ ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಿ. ಎಡಗೈ ನೋವಿನೊಂದಿಗೆ ಎದೆ ಹಿಂಡಿದಂತಾಗಿ ಬೆವರಿದರೆ ಚೀಲದ ಮೇಲೆ ತಪ್ಪು ಹೊರಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ ಆಗಲೂ ಅಷ್ಟೆ. ಬೆಳಗಾಗಲಿ ಎಂದು ಕಾಯಬಾರದು.