ಸಣ್ಣ ವ್ಯಾಪಾರವೂ ಸಾಮಾಜಿಕ ಜಾಲತಾಣವೂ

ಅಂಗಡಿಯನ್ನು ಎಲ್ಲಿ ತೆರೆಯಬೇಕೆಂದು ಯಾವ ವ್ಯಾಪಾರಿಯನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: ಜನ ಓಡಾಡುವ ಹಾದಿಯಲ್ಲಿ. ಸಂತೆಗಳು ದಾರಿ ಕೂಡುವೆಡೆಗಳಲ್ಲಿ ಬೆಳೆದುದಕ್ಕೂ, ದೇವಸ್ಥಾನದ ಮುಂದಿನ ಬೀದಿಯಲ್ಲಿ ಹೂವಿನ ಅಂಗಡಿಗಳು ಸಾಲುಗಟ್ಟಿ ನಿಂತುದಕ್ಕೂ ಇದೇ ಕಾರಣ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣದ ಮರದ ಬೊಂಬೆಗಳ ಅಂಗಡಿಗಳು ಮೈಸೂರಿನ ಹೆದ್ದಾರಿಯ ಬದಿಯಲ್ಲಿ ನೆಲೆಯೂರಿದುದೂ ಹೀಗೆಯೇ. ದಾರಿಹೋಕರು ವಾಹನ ನಿಲ್ಲಿಸಿ, ಮಕ್ಕಳಿಗೊಂದು ಬುಗುರಿಯನ್ನೋ ಬಂಡಿಯನ್ನೋ ಕೊಂಡು ಮುಂದೆ ಸಾಗುತ್ತಿದ್ದರು. 2023ರ ಮಾರ್ಚ್ 12ರಂದು 118 ಕಿಲೋಮೀಟರು ಉದ್ದದ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣದ ಪೇಟೆಯನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಕುಶಲಕರ್ಮಿಗಳ ಕೈಚಳಕವೇನೂ ಕುಂದಲಿಲ್ಲ. ದಾರಿ ಮಾತ್ರ ಪಕ್ಕಕ್ಕೆ ಸರಿಯಿತು. ಹಳೆಯ ರಸ್ತೆಯ ಅಂಗಡಿಗಳವರು ಗಿರಾಕಿಗಳಿಲ್ಲದೆ ಸಂಕಟಕ್ಕೆ ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿತು.

ಇಂಥ ಸ್ಥಿತಿಯಲ್ಲಿರುವ ವ್ಯಾಪಾರಿಗೆ ಈಗ ಎಲ್ಲ ಕಡೆಯಿಂದಲೂ ಒಂದೇ ಸಲಹೆ ಬರುತ್ತದೆ: "ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡಿ." ಸಲಹೆ ತಪ್ಪಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಯೂಟ್ಯೂಬ್ ಮುಂತಾದವು ಇಂದಿನ ಮಹಾಮಾರ್ಗಗಳು. ಆದರೆ ಆ ಮಾರ್ಗದಲ್ಲಿ ಸಂಚಾರ ಯಾವ ನಿಯಮದಿಂದ ನಡೆಯುತ್ತದೆ, ಅದರ ಒಡೆತನ ಯಾರದು, ಅಲ್ಲಿ ಅಂಗಡಿಯಿಡುವವನು ಮೊದಲು ಏನು ಮಾಡಬೇಕು ಎಂಬುದನ್ನು ಅರಿಯದೆ ಇಳಿದವನ ಹಣವೂ ಹೊತ್ತೂ ವ್ಯರ್ಥವಾಗುವ ಸಂಭವವುಂಟು. ಚನ್ನಪಟ್ಟಣದ ಒಬ್ಬ ಬೊಂಬೆ ತಯಾರಕನನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ನಾವು ವಿಚಾರಿಸೋಣ.

ಫಲಕವಲ್ಲ, ಜರಡಿ

ಜಾಲತಾಣದಲ್ಲಿ ಒಂದು ಚಿತ್ರವನ್ನು ಹಾಕಿದೊಡನೆ ಅದನ್ನು ಎಲ್ಲರೂ ನೋಡುವರೆಂಬುದು ಸಾಮಾನ್ಯವಾದ ಭ್ರಮೆ. ಬೀದಿಯಲ್ಲಿ ನೆಟ್ಟ ಫಲಕ ಹಾದುಹೋಗುವವರೆಲ್ಲರ ಕಣ್ಣಿಗೂ ಬೀಳುತ್ತದೆ. ಜಾಲತಾಣ ಹಾಗಲ್ಲ. ಫೇಸ್‌ಬುಕ್ 2004ರಲ್ಲಿ ಹುಟ್ಟಿತು. ಪರಿಚಿತರ ಸುದ್ದಿಗಳನ್ನೆಲ್ಲ ಒಂದೆಡೆ ಪೋಣಿಸಿ ಕೊಡುವ ಸುದ್ದಿಮಾಲೆಯನ್ನು ಅದು 2006ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. ದಿನಕಳೆದಂತೆ, ಒಬ್ಬೊಬ್ಬನೂ ಓದಲಾರದಷ್ಟು ಸುದ್ದಿಗಳು ಒಬ್ಬೊಬ್ಬನ ಮುಂದೆಯೂ ರಾಶಿ ಬಿದ್ದವು. ಆಗ ಆಯ್ಕೆ ಅನಿವಾರ್ಯವಾಯಿತು. ಆ ಆಯ್ಕೆಯನ್ನು ಇಂದು ಗಣಕಯಂತ್ರವೇ ಮಾಡುತ್ತದೆ.

ಅದರ ವಿಧಾನ ಸ್ಥೂಲವಾಗಿ ಹೀಗೆ. ನೀವು ಜಾಲತಾಣವನ್ನು ತೆರೆದ ಕ್ಷಣದಲ್ಲಿ, ನಿಮಗೆ ತೋರಿಸಬಹುದಾದ ನೂರಾರು ಬರಹ, ಚಿತ್ರ, ಚಲನಚಿತ್ರಗಳನ್ನು ಯಂತ್ರ ಒಟ್ಟುಗೂಡಿಸುತ್ತದೆ. ನೀವು ಹಿಂದೆ ಯಾವುದರ ಮುಂದೆ ಹೆಚ್ಚು ಹೊತ್ತು ನಿಂತಿರಿ, ಯಾವುದಕ್ಕೆ ಮೆಚ್ಚುಗೆ ಸೂಚಿಸಿದಿರಿ, ಯಾವುದನ್ನು ಇನ್ನೊಬ್ಬರಿಗೆ ಕಳುಹಿಸಿದಿರಿ ಎಂಬ ದಾಖಲೆ ಅದರ ಬಳಿ ಇರುತ್ತದೆ. ಅದರ ಆಧಾರದ ಮೇಲೆ, ಈ ಚಿತ್ರಕ್ಕೆ ನೀವು ಪ್ರತಿಕ್ರಿಯಿಸುವ ಸಂಭವನೀಯತೆ ಎಷ್ಟು ಎಂದು ಒಂದೊಂದಕ್ಕೂ ಅಂಕ ಕೊಟ್ಟು, ಹೆಚ್ಚು ಅಂಕ ಬಂದುದನ್ನು ಮೇಲಕ್ಕೂ ಕಡಮೆ ಬಂದುದನ್ನು ಕೆಳಕ್ಕೂ ಇಡುತ್ತದೆ. ಬಹಳ ಕೆಳಗೆ ಬಿದ್ದುದು ಕಣ್ಣಿಗೆ ಬೀಳುವುದೇ ಇಲ್ಲ.

ಹಣಕೊಟ್ಟು ಹುಸಿ ಅನುಯಾಯಿಗಳನ್ನು ಕೊಳ್ಳುವುದು ಏಕೆ ಮೂರ್ಖತನವೆಂಬುದು ಇದರಿಂದಲೇ ತಿಳಿಯುತ್ತದೆ. ಹತ್ತು ಸಾವಿರ ಹೆಸರುಗಳಿದ್ದು ಅವರಲ್ಲಿ ಯಾರೂ ಬೊಂಬೆಯತ್ತ ತಿರುಗಿ ನೋಡದಿದ್ದರೆ, ಇದು ಯಾರಿಗೂ ಬೇಡದ ವಸ್ತುವೆಂದು ಯಂತ್ರಕ್ಕೆ ನಾವೇ ಸಾಕ್ಷಿ ನುಡಿದಂತೆ. ನಿಜವಾಗಿ ಆಸಕ್ತರಾದ ನೂರು ಮಂದಿ ಇವರಿಗಿಂತ ಮೇಲು.

ಪರಿಚಿತರ ಪರಿಚಿತರು

ಹಾಗಾದರೆ ಆ ನೂರು ಮಂದಿಯನ್ನು ಎಲ್ಲಿಂದ ತರುವುದು? ಇಲ್ಲಿ ಸಮಾಜವಿಜ್ಞಾನದ ಒಂದು ಪ್ರಸಿದ್ಧ ಸಂಶೋಧನೆ ನಮಗೆ ನೆರವಾಗುತ್ತದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜವಿಜ್ಞಾನಿ 1973ರಲ್ಲಿ, ದುರ್ಬಲ ಸಂಬಂಧಗಳ ಬಲವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದ. ಬಾಸ್ಟನ್ ನಗರದ ಬಳಿ, ಪರಿಚಿತರ ಮೂಲಕ ಹೊಸ ಉದ್ಯೋಗವನ್ನು ಪಡೆದವರನ್ನು ಅವನು ವಿಚಾರಿಸಿದ್ದ: "ಸುಳಿವು ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?" ಪದೇ ಪದೇ ಕಾಣುತ್ತಿದ್ದ ಆಪ್ತರಿಂದ ಸುಳಿವು ದೊರೆತವರು ಶೇಕಡ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಶೇಕಡ 55.6, ಅಪರೂಪಕ್ಕೆ ಕಾಣುವವರಿಂದ ಶೇಕಡ 27.8 ಮಂದಿಗೆ ಸುಳಿವು ಸಿಕ್ಕಿತ್ತು.

ಕಾರಣ ಸರಳವಾಗಿದೆ. ನಮ್ಮ ಆಪ್ತರು ಒಬ್ಬರಿಗೊಬ್ಬರು ಆಪ್ತರು. ಅವರು ಬಲ್ಲುದನ್ನು ನಾವೂ ಬಲ್ಲೆವು. ದೂರದ ಪರಿಚಿತನಾದರೋ ಬೇರೊಂದು ಗುಂಪಿಗೆ ಸೇರಿದವನು; ಅವನು ಎರಡು ಗುಂಪುಗಳ ನಡುವಣ ಸೇತುವೆ. ಸುದ್ದಿ ಹೊಸ ಜನರನ್ನು ಮುಟ್ಟುವುದು ಸೇತುವೆಯ ಮೂಲಕವೇ. ಬೊಂಬೆಯವನ ಬಂಧುಗಳೆಲ್ಲ ಮೆಚ್ಚುಗೆ ಸೂಚಿಸಿದರೆ ಸಂತೋಷವೇ ಸರಿ. ಆದರೆ ಅವರ ಮನೆಗಳಲ್ಲಿ ಬೊಂಬೆಗಳು ಆಗಲೇ ಇವೆ. ಒಮ್ಮೆ ಬೊಂಬೆ ಕೊಂಡು ಹೋದ ಶಿಶುವಿಹಾರದ ಉಪಾಧ್ಯಾಯಿನಿಯೊಬ್ಬರು ಅದರ ಚಿತ್ರವನ್ನು ಇತರ ಉಪಾಧ್ಯಾಯಿನಿಯರಿಗೆ ಕಳುಹಿಸಿದರೆ, ಅಲ್ಲಿ ಹೊಸ ಬಾಗಿಲು ತೆರೆಯುತ್ತದೆ. ಆದುದರಿಂದ, ಇದನ್ನು ಯಾರಿಗೆ ತೋರಿಸಲೆಂದು ಆಲೋಚಿಸುವುದಕ್ಕಿಂತ, ಇದನ್ನು ನೋಡಿದವರು ಯಾರಿಗೆ ಕಳುಹಿಸಿಯಾರು ಎಂದು ಆಲೋಚಿಸುವುದು ಲೇಸು.

ಮೊದಲ ಹೆಜ್ಜೆಗಳು

ಇನ್ನು ಆರಂಭದ ಮಾತು. ಎಲ್ಲ ತಾಣಗಳಲ್ಲಿಯೂ ಏಕಕಾಲಕ್ಕೆ ಕಾಲಿಡುವುದು ಸಣ್ಣ ವ್ಯಾಪಾರಿಗೆ ಸಲ್ಲದು. ಕೆಲಸ ಮಾಡುವ ಕೈಗಳು ಎರಡೇ. ವಸ್ತುವನ್ನು ಹೊಸಬರಿಗೆ ತೋರಿಸಲು ಒಂದು ತಾಣ, ಬಂದವರೊಡನೆ ಮಾತನಾಡಲು ಇನ್ನೊಂದು—ಇಷ್ಟು ಸಾಕು. ಕಣ್ಣಿಗೆ ಸೊಗಸಾದ ಬೊಂಬೆಯಂಥ ಸರಕಿಗೆ ಇನ್‌ಸ್ಟಾಗ್ರಾಂ ಒಪ್ಪುತ್ತದೆ. ಮಾತುಕತೆಗೆ, ಸಣ್ಣ ವ್ಯಾಪಾರಿಗಳಿಗಾಗಿಯೇ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಅನುಕೂಲವಾಗಿದೆ. ಅದರಲ್ಲಿ ಸರಕಿನ ಪಟ್ಟಿಯನ್ನು ಚಿತ್ರ ಮತ್ತು ಬೆಲೆಗಳೊಡನೆ ಜೋಡಿಸಿಡಬಹುದು.

ಏನನ್ನು ತೋರಿಸಬೇಕು? ಅಂಗಡಿಯಲ್ಲಿ ಗಿರಾಕಿ ಬೊಂಬೆಯನ್ನು ಕೈಗೆತ್ತಿಕೊಂಡು, ತಿರುಗಿಸಿ, ತೂಗಿ ನೋಡುತ್ತಾನೆ. ಚಿತ್ರದಲ್ಲಿ ಅದು ಸಾಧ್ಯವಿಲ್ಲ. ಆದುದರಿಂದ ಆ ಕೊರತೆಯನ್ನು ಚಿತ್ರವೇ ತುಂಬಬೇಕು. ಹಗಲಿನ ಬೆಳಕಿನಲ್ಲಿ, ಗಾತ್ರ ತಿಳಿಯುವಂತೆ ಅಂಗೈಯ ಮೇಲಿಟ್ಟು ತೆಗೆದ ಚಿತ್ರ ಬಣ್ಣಬಣ್ಣದ ಅಲಂಕಾರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಳತೆ, ಬೆಲೆ, ಅಂಚೆಯ ವೆಚ್ಚ, ತರಿಸಿಕೊಳ್ಳುವ ಬಗೆ—ಇವು ಜೊತೆಯಲ್ಲಿಯೇ ಇರಬೇಕು. ಬೆಲೆಯನ್ನು ಮುಚ್ಚಿಟ್ಟರೆ, ಕೇಳಲು ಸಂಕೋಚಪಡುವ ಗಿರಾಕಿ ಸುಮ್ಮನೆ ಸರಿದುಹೋಗುತ್ತಾನೆ.

ಇದಕ್ಕಿಂತಲೂ ಹೆಚ್ಚಾಗಿ ಜನರನ್ನು ಹಿಡಿದು ನಿಲ್ಲಿಸುವುದು ಕೆಲಸದ ದೃಶ್ಯ. ಹಾಲೆಮರದ ತುಂಡು ಚರಕಿಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಘರ್ಷಣೆಯಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಲೇಪವಾಗುತ್ತದೆ. ಬಳಿಕ ತಾಳೆಯ ಗರಿಯನ್ನು ಒತ್ತಿದರೆ ಹೊಳಪು ಬರುತ್ತದೆ. ಕುಶಲಕರ್ಮಿಗೆ ಇದು ದಿನನಿತ್ಯದ ಕೆಲಸ, ನೋಡುವವನಿಗೆ ಸೋಜಿಗ. ಬೊಂಬೆಯ ಬಣ್ಣ ಯಾವುದರಿಂದ ಆದುದೆಂಬ ತಾಯಿಯೊಬ್ಬಳ ಸಂದೇಹಕ್ಕೂ ಇದರಲ್ಲಿಯೇ ಉತ್ತರವಿದೆ. ಸಣ್ಣ ವ್ಯಾಪಾರಿಯ ಬಳಿ ಇರುವ ದೊಡ್ಡ ಬಂಡವಾಳವೆಂದರೆ ಇದೇ. ದೊಡ್ಡ ಸಂಸ್ಥೆ ಹಣ ಸುರಿದು ಜಾಹೀರಾತನ್ನು ಹಾಕಬಲ್ಲುದು. ಮಾಡುವವನೇ ಬಂದು, ಮಾಡುವ ಬಗೆಯನ್ನು ತೋರಿಸಿ, ಕೇಳಿದುದಕ್ಕೆ ತಾನೇ ಉತ್ತರ ಹೇಳುವುದು ಅದಕ್ಕೆ ಸುಲಭವಲ್ಲ.

ಹಣದ ಲೆಕ್ಕ

ಕೆಲವು ತಿಂಗಳಾದ ಮೇಲೆ ಹಣ ಕೊಟ್ಟು ಜಾಹೀರಾತು ಹಾಕುವ ಮನಸ್ಸಾಗುವುದು ಸಹಜ. ಜಾಲತಾಣದ ಜಾಹೀರಾತಿನ ಜಾಗಕ್ಕೆ ಗೊತ್ತಾದ ದರವಿಲ್ಲ. ಕ್ಷಣಕ್ಷಣವೂ ಅದು ಹರಾಜಾಗುತ್ತಿರುತ್ತದೆ. ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂಗಳ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನೇ ಗೆಲ್ಲುವನೆಂಬ ನಿಯಮವೂ ಇಲ್ಲ. ಕೂಗಿದ ಮೊತ್ತವನ್ನು, ನೋಡುವವನು ಪ್ರತಿಕ್ರಿಯಿಸುವ ಸಂಭವನೀಯತೆಯಿಂದ ಗುಣಿಸಿ, ಜಾಹೀರಾತಿನ ಗುಣಮಟ್ಟವನ್ನೂ ಅದಕ್ಕೆ ಸೇರಿಸಿ ತೀರ್ಮಾನಿಸುತ್ತಾರೆ. ಆದುದರಿಂದ, ಸರಿಯಾದ ಜನರಿಗೆ ಒಪ್ಪುವ ಸಣ್ಣವನ ಜಾಹೀರಾತು ಕಡಮೆ ಹಣಕ್ಕೂ ಗೆಲ್ಲಬಹುದು.

ಆದರೆ ಹರಾಜಿನಲ್ಲಿ ಗೆದ್ದುದೇ ವ್ಯಾಪಾರದಲ್ಲಿ ಗೆದ್ದಂತಲ್ಲ. ಒಂದು ಲೆಕ್ಕವನ್ನು ಮಾಡಿ ನೋಡೋಣ. 600 ರೂಪಾಯಿ ಬೆಲೆಯ ಬೊಂಬೆಯೊಂದರಲ್ಲಿ ಮರ, ಅರಗು, ಕೂಲಿ, ಅಂಚೆಯ ವೆಚ್ಚಗಳನ್ನೆಲ್ಲ ಕಳೆದು 120 ರೂಪಾಯಿ ಉಳಿಯುವುದೆಂದಿಟ್ಟುಕೊಳ್ಳಿ. 1000 ರೂಪಾಯಿಯ ಜಾಹೀರಾತಿಗೆ 40 ಮಂದಿ ವಿಚಾರಿಸಿ, ಅವರಲ್ಲಿ 5 ಮಂದಿ ಕೊಂಡರು. ಉಳಿದುದು 600 ರೂಪಾಯಿ, ನಷ್ಟ 400. ಮೆಚ್ಚುಗೆಗಳ ಎಣಿಕೆಯನ್ನೇ ನೋಡಿ ಹಿಗ್ಗುವವನಿಗೆ ಈ ನಷ್ಟ ಕಾಣುವುದೇ ಇಲ್ಲ. ಈಗ, ಆ ಐವರಲ್ಲಿ ಇಬ್ಬರು ಮುಂದೆ ತಲಾ ಎರಡು ಬೊಂಬೆಗಳನ್ನು, ಜಾಹೀರಾತಿನ ಖರ್ಚಿಲ್ಲದೆ, ತಾವಾಗಿಯೇ ತರಿಸಿಕೊಂಡರೆನ್ನಿ. ಆಗ ಇನ್ನೂ 480 ರೂಪಾಯಿ ಸೇರಿ, ನಷ್ಟ ತುಂಬಿ, 80 ರೂಪಾಯಿ ಲಾಭವಾಗುತ್ತದೆ. ಮರಳಿ ಬರುವ ಗಿರಾಕಿಯೇ ಲಾಭನಷ್ಟಗಳ ತಕ್ಕಡಿಯ ಮುಳ್ಳು. ಪ್ರತಿ ಹೊಸ ಗಿರಾಕಿಯನ್ನೂ "ನಮ್ಮ ವಿಷಯ ತಮಗೆ ಎಲ್ಲಿಂದ ತಿಳಿಯಿತು?" ಎಂದು ಕೇಳಿ ಪುಸ್ತಕದಲ್ಲಿ ಬರೆದಿಡದಿದ್ದರೆ ಈ ಲೆಕ್ಕ ಸಾಧ್ಯವಿಲ್ಲ.

ಪ್ರಯೋಗವೂ ಆಕಸ್ಮಿಕವೂ

ಎರಡು ಚಿತ್ರಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸಲು ಜಾಲತಾಣದಲ್ಲಿ ಅನುಕೂಲವಿದೆ. ಇದರ ಮೂಲತತ್ತ್ವ ಹುಟ್ಟಿದುದು ಹೊಲದಲ್ಲಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಆರ್. ಎ. ಫಿಶರ್, ಎರಡು ಗೊಬ್ಬರಗಳನ್ನು ಹೋಲಿಸಬೇಕಾದರೆ ಯಾವ ಪಟ್ಟಿಗೆ ಯಾವ ಗೊಬ್ಬರವೆಂಬುದನ್ನು ಚೀಟಿಯೆತ್ತಿದಂತೆ ನಿರ್ಧರಿಸಬೇಕೆಂದು 1920ರ ದಶಕದಲ್ಲಿ ತೋರಿಸಿಕೊಟ್ಟ. ಇಲ್ಲವಾದರೆ ಗೆದ್ದುದು ಗೊಬ್ಬರವೋ ನೆಲದ ಸಾರವೋ ತಿಳಿಯದು. ಒಂದು ಚಿತ್ರವನ್ನು ಸೋಮವಾರ ಬೆಳಗ್ಗೆಯೂ ಇನ್ನೊಂದನ್ನು ಭಾನುವಾರ ಸಂಜೆಯೂ ಹಾಕಿ ಹೋಲಿಸುವವನು ಇದೇ ತಪ್ಪನ್ನು ಮಾಡುತ್ತಾನೆ.

ಸಂಖ್ಯೆಯೂ ಸಾಕಷ್ಟಿರಬೇಕು. ಸಮಾನ ಸಂಖ್ಯೆಯ ಜನರಿಗೆ ತೋರಿಸಿದಾಗ ಒಂದು ಚಿತ್ರಕ್ಕೆ 9, ಇನ್ನೊಂದಕ್ಕೆ 6 ವಿಚಾರಣೆಗಳು ಬಂದರೆ ಮೊದಲನೆಯದು ಮೇಲೆನ್ನಬಹುದೆ? ನಾಣ್ಯವನ್ನು 15 ಸಲ ಚಿಮ್ಮಿದರೂ ಯಾವುದಾದರೊಂದು ಮುಖ 9 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವುದು ಹತ್ತರಲ್ಲಿ ಆರು ಬಾರಿ! ಅಂದರೆ ಈ ಅಂತರಕ್ಕೆ ಅರ್ಥವಿಲ್ಲ. ಅದೇ 90 ಮತ್ತು 60 ಆಗಿದ್ದರೆ, ಬರಿಯ ಆಕಸ್ಮಿಕದಿಂದ ಅಷ್ಟು ಅಂತರ ಬರುವುದು ಸುಮಾರು ಐವತ್ತರಲ್ಲಿ ಒಮ್ಮೆ. ಆಗ ನಂಬಬಹುದು. ವಾರಕ್ಕೊಮ್ಮೆ ಮನಸ್ಸು ಬದಲಾಯಿಸುವುದಕ್ಕಿಂತ ಕೆಲವು ತಿಂಗಳು ತಾಳಿ ನೋಡುವುದು ಏಕೆ ಉತ್ತಮವೆಂಬುದಕ್ಕೆ ಇದೇ ಗಣಿತದ ಕಾರಣ.

ಬಾಡಿಗೆಯ ನೆಲ

ಇಷ್ಟಾದರೂ ಒಂದು ಎಚ್ಚರಿಕೆಯನ್ನು ಹೇಳದೆ ನಾವು ಈ ಲೇಖನವನ್ನು ಮುಗಿಸಲಾರೆವು. ಜಾಲತಾಣದಲ್ಲಿ ನಾವು ಕಟ್ಟಿದ ಅಂಗಡಿ ನಿಂತಿರುವುದು ಪರರ ನೆಲದ ಮೇಲೆ. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಬಂಧುಮಿತ್ರರ ಬರಹಗಳಿಗೆ ಪ್ರಾಶಸ್ತ್ಯ ಕೊಟ್ಟು ವ್ಯಾಪಾರ ಸಂಸ್ಥೆಗಳ ಬರಹಗಳನ್ನು ಕಡಮೆ ತೋರಿಸುವುದಾಗಿ ಸಾರಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ನೆಲೆಯೂರಿದ್ದವರೆಲ್ಲರ ಅಭಿಮಾನಿ ಬಳಗ ಕೈತಪ್ಪಿತು. 2021ರ ಅಕ್ಟೋಬರ್ 4ರಂದು, ನಿರ್ವಹಣೆಯ ವೇಳೆಯ ಒಂದು ತಪ್ಪಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದವು. ಹೆದ್ದಾರಿಯಂತೆ ಈ ಮಾರ್ಗವೂ ನಮ್ಮನ್ನು ಕೇಳದೆ ಸರಿಯಬಲ್ಲುದು.

ಇದಕ್ಕೆ ಪರಿಹಾರ ಹಳೆಯ ವ್ಯಾಪಾರಿಗಳಿಗೆಲ್ಲ ತಿಳಿದಿದ್ದುದೇ: ಗಿರಾಕಿಗಳ ಸ್ವಂತ ಪಟ್ಟಿ. ಹೆಸರು, ದೂರವಾಣಿ ಸಂಖ್ಯೆ, ಕೊಂಡ ವಸ್ತು, ಕೊಂಡ ದಿನ—ಇಷ್ಟನ್ನು ನಮ್ಮದೇ ಪುಸ್ತಕದಲ್ಲಿ ಬರೆದಿಡಬೇಕು. ಅದೂ ಗಿರಾಕಿಯ ಒಪ್ಪಿಗೆಯನ್ನು ಪಡೆದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೂ ಈ ಒಪ್ಪಿಗೆಯೇ. ಹಬ್ಬದ ಹೊತ್ತಿಗೆ ಅಥವಾ ಹೊಸ ಬೊಂಬೆ ಬಂದಾಗ ಒಂದು ಸಂದೇಶ ಸಾಕು; ದಿನಬೆಳಗಾದರೆ ಸಂದೇಶ ಕಳುಹಿಸಿ ಪೀಡಿಸುವವನ ಸಂಖ್ಯೆಯನ್ನು ಜನ ತಡೆದುಬಿಡುತ್ತಾರೆ.

ಜಾಲತಾಣ ಅಪರಿಚಿತನನ್ನು ಅಂಗಡಿಯ ಹೊಸ್ತಿಲವರೆಗೆ ಕರೆತರಬಲ್ಲುದು. ಅವನನ್ನು ಗಿರಾಕಿಯನ್ನಾಗಿ ಮಾಡಿಕೊಳ್ಳುವುದು ಸರಕಿನ ಗುಣ, ಹೇಳಿದ ದಿನಕ್ಕೆ ಮುಟ್ಟಿಸುವ ನಿಯತ್ತು, ಮುರಿದುಬಂದುದನ್ನು ತಕರಾರಿಲ್ಲದೆ ಬದಲಿಸಿಕೊಡುವ ಸೌಜನ್ಯ. ಇವುಗಳಿಗೆ ಯಾವ ಯಂತ್ರವೂ ಅಂಕ ಕೊಡುವುದಿಲ್ಲ, ಗಿರಾಕಿ ಕೊಡುತ್ತಾನೆ. ಹೊಸದಾಗಿ ಆರಂಭಿಸುವವರು ಒಂದು ತಾಣ, ಒಂದು ಲೆಕ್ಕದ ಪುಸ್ತಕ ಮತ್ತು ಆರು ತಿಂಗಳ ತಾಳ್ಮೆ—ಈ ಮೂರನ್ನು ಇಟ್ಟುಕೊಂಡು ಹೊರಟರೆ, ದಾರಿ ಮುಂದೆ ಎತ್ತ ತಿರುಗಿದರೂ ಅವರ ಗಿರಾಕಿಗಳು ಅವರಿಗೆ ಉಳಿದಾರು.